ನಾಣ್ಯ ಓದುವ ಮೇಷ್ಟ್ರನ್ನು ಹಿಟ್ಲರನ ಸರ್ಕಾರ ಯಾಕೆ ಹೊರಗೆ ಹಾಕಿತು?

ಪ್ರಶ್ನೆ: ಪ್ರಾಚೀನ ನಾಣ್ಯಗಳ ವಿದ್ವಾಂಸ ಕ್ಲೆಮೆನ್ಸ್ ಬಾಷ್ 1935ರಲ್ಲಿ ಜರ್ಮನಿ ಬಿಡಬೇಕಾಯಿತು ಎಂದು ಓದಿದೆ. ಸಾವಿರಾರು ವರ್ಷ ಹಳೆಯ ನಾಣ್ಯಕ್ಕೂ ರಾಜಕೀಯಕ್ಕೂ ಏನು ಸಂಬಂಧ? ಅವರು ಸರ್ಕಾರದ ವಿರುದ್ಧ ಏನಾದರೂ ಮಾಡಿರಲೇಬೇಕಲ್ಲವೇ?

ಉತ್ತರ: ಮಾಡಿರಬೇಕಾಗಿಲ್ಲ. ಬಾಷ್ ಹಾಲೆ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಹೇಳಿಕೊಡುತ್ತಿದ್ದರು. ಅವರ ಹೆಂಡತಿ ಯಹೂದಿ ಮನೆತನದವರು. ಅಷ್ಟು ಸಾಕಾಯಿತು.

ಈ ‘ಏನೋ ಮಾಡಿರಬೇಕು’ ಎಂಬ ಮಾತು ಎಷ್ಟು ಸಲ ಉತ್ತರಿಸಿದರೂ ಸಾಯುವುದಿಲ್ಲ. ಆದ್ದರಿಂದ ಈ ಸಲ ಕಾನೂನನ್ನೇ ಎದುರಿಗಿಟ್ಟುಕೊಂಡು ನೋಡೋಣ. 1933ರ ಏಪ್ರಿಲ್ 7ರಂದು ಸರ್ಕಾರಿ ನೌಕರಿಯ ‘ಪುನಃಸ್ಥಾಪನೆ’ ಎಂಬ ಹೆಸರಿನಲ್ಲಿ ಒಂದು ಕಾಯ್ದೆ ಬಂತು. ಹಿಟ್ಲರ್ ಅಧಿಕಾರಕ್ಕೆ ಬಂದು ಆಗ ಮೂರು ತಿಂಗಳೂ ತುಂಬಿರಲಿಲ್ಲ. ಅದರ 4ನೇ ಕಲಮು ರಾಜಕೀಯವಾಗಿ ನಂಬಲಾಗದವರ ಬಗ್ಗೆ. ಪ್ರಶ್ನೆ ಕೇಳುವವರ ಮನಸ್ಸಿನಲ್ಲಿರುವುದು ಇದೊಂದೇ. ಆದರೆ ಅದಕ್ಕಿಂತ ಮೊದಲು 3ನೇ ಕಲಮು ಇದೆ: ‘ಆರ್ಯ’ ಮೂಲದವರಲ್ಲದ ನೌಕರರನ್ನು ನಿವೃತ್ತಗೊಳಿಸಬೇಕು. ಇಲ್ಲಿ ನೀವು ಏನು ಬರೆದಿರಿ, ಯಾವ ಸಭೆಗೆ ಹೋದಿರಿ ಎಂದು ಯಾರೂ ಕೇಳುವುದಿಲ್ಲ. ನಾಲ್ಕೇ ದಿನದಲ್ಲಿ, ಏಪ್ರಿಲ್ 11ರಂದು, ವಿವರಣೆಯೂ ಹೊರಬಿತ್ತು: ಅಜ್ಜ ಅಜ್ಜಿಯರು ನಾಲ್ವರಲ್ಲಿ ಒಬ್ಬರು ಯಹೂದಿಯಾಗಿದ್ದರೂ ನೀವು ‘ಆರ್ಯ’ರಲ್ಲ. ಸಾಬೀತು ಮಾಡಬೇಕಾದದ್ದು ನೌಕರ. ಅಪ್ಪ ಅಮ್ಮನ ಮದುವೆಯ ದಾಖಲೆ, ಜನನ ಪತ್ರ ಎಲ್ಲ ತಂದು ಕೊಡಬೇಕು.

‘ಆದರೆ ಅದು ಖಾಯಂ ನೌಕರರಿಗೆ ಮಾತ್ರ’ ಎಂದು ಮುಂದಿನ ವಾದ ಬರುತ್ತದೆ. ಅದೂ ಸರಿಯಲ್ಲ. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಪ್ರಿವಾಟ್‌ಡೋಜೆಂಟ್ ಎಂಬ ದರ್ಜೆ ಇತ್ತು. ಪಿಎಚ್‌ಡಿ ಆದಮೇಲೆ ಇನ್ನೊಂದು ದೊಡ್ಡ ಪ್ರಬಂಧ ಬರೆದು ಪಾಠ ಮಾಡುವ ಹಕ್ಕು ಪಡೆದವರು ಇವರು. ಆದರೆ ಖಾಯಂ ಹುದ್ದೆಯಿಲ್ಲ, ಅದರ ಸಂಬಳವೂ ಇಲ್ಲ. 1933ರ ಮೇ 6ರ ಆದೇಶ ಕಾಯ್ದೆಯನ್ನು ಇವರ ಮೇಲೂ ಹೇರಿತು. ಹುದ್ದೆಯೇ ಇಲ್ಲದವರಿಂದ ಪಾಠ ಮಾಡುವ ಹಕ್ಕನ್ನೇ ಕಿತ್ತುಕೊಂಡರು. ಹುದ್ದೆ ಹೋದವರಿಗೆ ಕೆಲವೊಮ್ಮೆ ಪಿಂಚಣಿಯಾದರೂ ಉಳಿಯುತ್ತಿತ್ತು. ಹಕ್ಕು ಹೋದವರಿಗೆ ಏನೂ ಉಳಿಯುತ್ತಿರಲಿಲ್ಲ.

ಇನ್ನು ಮದುವೆಯ ವಿಷಯ. 1933ರ ಜೂನ್ 30ರ ಕಾನೂನು ಸಂಗಾತಿ ‘ಆರ್ಯ’ರಲ್ಲದಿದ್ದರೆ ಹೊಸದಾಗಿ ನೇಮಕ ಮಾಡುವಂತಿಲ್ಲ ಎಂದಿತು. ಪಾಠ ಮಾಡುತ್ತ ಖಾಯಂ ಹುದ್ದೆಗೆ ಕಾಯುವ ವಿದ್ವಾಂಸನಿಗೆ ಇದು ಬಾಗಿಲು ಮುಚ್ಚಿದ ಹಾಗೆಯೇ. 1937ರ ಜನವರಿ 26ರ ನೌಕರಿ ಕಾಯ್ದೆ, ಆ ತನಕ ಉಳಿದಿದ್ದ ಖಾಯಂ ನೌಕರರನ್ನೂ ಇದೇ ಕಾರಣಕ್ಕೆ ತೆಗೆಯಲು ದಾರಿ ಮಾಡಿತು. ತಾನು ಯಹೂದಿಯಲ್ಲದಿದ್ದರೂ ಹೆಂಡತಿಯನ್ನು ಬಿಡದವರ ಗತಿ ಇದು.

ಮೊದಲಿಗೆ ವಿನಾಯಿತಿಗಳಿದ್ದವು. ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಒತ್ತಾಯಕ್ಕೆ, ಮೊದಲ ಮಹಾಯುದ್ಧದ ರಣರಂಗದಲ್ಲಿ ಹೋರಾಡಿದವರು, ಆ ಯುದ್ಧದಲ್ಲಿ ತಂದೆಯನ್ನೋ ಮಗನನ್ನೋ ಕಳೆದುಕೊಂಡವರು, 1914ರ ಆಗಸ್ಟ್ 1ಕ್ಕೂ ಮೊದಲಿನಿಂದ ಸೇವೆಯಲ್ಲಿದ್ದವರು ಉಳಿದುಕೊಂಡರು. ‘ನಿಷ್ಠರಾದವರಿಗೆ ತೊಂದರೆಯಾಗಲಿಲ್ಲ’ ಎಂಬ ಕಥೆ ಹುಟ್ಟಿದ್ದೇ ಇಲ್ಲಿಂದ. ಆದರೆ ಹಿಂಡೆನ್‌ಬರ್ಗ್ 1934ರ ಆಗಸ್ಟ್‌ನಲ್ಲಿ ತೀರಿಕೊಂಡರು. ಯಹೂದಿಗಳ ಪೌರತ್ವದ ಹಕ್ಕು ಕಿತ್ತುಕೊಂಡ 1935ರ ನ್ಯೂರೆಂಬರ್ಗ್ ಕಾನೂನಿನ ಅಡಿ ನವೆಂಬರ್ 14ರಂದು ಬಂದ ನಿಯಮ, ಉಳಿದಿದ್ದ ಯಹೂದಿ ನೌಕರರನ್ನೂ ಡಿಸೆಂಬರ್ 31ಕ್ಕೆ ಮನೆಗೆ ಕಳಿಸಿತು. ದೇಶಕ್ಕಾಗಿ ಗುಂಡಿಗೆ ಎದೆಯೊಡ್ಡಿದವರ ನಿಷ್ಠೆ ಅವರನ್ನು ಎರಡೂವರೆ ವರ್ಷ ಕಾಯ್ದಿತು, ಅದಕ್ಕಿಂತ ಹೆಚ್ಚಲ್ಲ. ವಿದ್ವಾಂಸನ ತಪ್ಪು ಹುಡುಕಲು ಹೊರಡುವವರು ಈ ತಾರೀಕುಗಳನ್ನು ಒಮ್ಮೆ ಸಾಲಾಗಿ ಓದಬೇಕು.

ಇದು ಜರ್ಮನಿಯೊಂದರ ಕಥೆಯೂ ಅಲ್ಲ. ಲೆನಿನ್‌ಗ್ರಾಡಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿ ಅರಬ್ಬಿ ನಾಣ್ಯಗಳ ಮೇಲೆ ಕೆಲಸ ಮಾಡುತ್ತಿದ್ದ ರಿಚರ್ಡ್ ಫಾಸ್ಮರ್ ಅವರನ್ನು ಸ್ಟಾಲಿನ್ ಸರ್ಕಾರ 1934ರಲ್ಲಿ, ಕಲ್ಪಿತ ಒಳಸಂಚಿನ ಮೊಕದ್ದಮೆಯೊಂದರಲ್ಲಿ ಸಿಕ್ಕಿಸಿ ಬಂಧಿಸಿತು. 1938ರಲ್ಲಿ ಅವರು ಸೆರೆಯಲ್ಲೇ ಸತ್ತರು.

ಬಾಷ್ ಹೋದದ್ದು ಇಸ್ತಾಂಬುಲ್‌ಗೆ. ಟರ್ಕಿಯ ಅಟಾಟುರ್ಕ್ ಸರ್ಕಾರ 1933ರಲ್ಲಿ ಹಳೆಯ ವಿಶ್ವವಿದ್ಯಾಲಯ ದಾರುಲ್‌ಫುನೂನ್ ಮುಚ್ಚಿ ಹೊಸ ವಿಶ್ವವಿದ್ಯಾಲಯ ಕಟ್ಟುತ್ತಿತ್ತು, ಜರ್ಮನಿ ಹೊರದೂಡಿದ ಅಧ್ಯಾಪಕರನ್ನು ಕರೆಸಿಕೊಳ್ಳುತ್ತಿತ್ತು. ಮೊದಮೊದಲು ಪಾಠ ದುಭಾಷಿಯ ಮೂಲಕ. ಕೆಲವು ವರ್ಷದೊಳಗೆ ಟರ್ಕಿ ಭಾಷೆ ಕಲಿತು ಅದರಲ್ಲೇ ಪಾಠ ಮಾಡಬೇಕು, ಪಠ್ಯಪುಸ್ತಕ ಬರೆಯಬೇಕು ಎಂದು ಹೀಗೆ ಬಂದವರ ಕರಾರಿನಲ್ಲಿ ಇರುತ್ತಿತ್ತು. ಬಾಷ್ ಅಲ್ಲಿನ ಪುರಾತತ್ವ ಮ್ಯೂಸಿಯಂನಲ್ಲೂ ಆಮೇಲೆ ವಿಶ್ವವಿದ್ಯಾಲಯದಲ್ಲೂ ಕೆಲಸ ಮಾಡಿದರು, ಎಮಿನ್ ಎಂಬ ಹೆಸರನ್ನೂ ಸೇರಿಸಿಕೊಂಡರು. ಟರ್ಕಿಯ ಪ್ರಾಚೀನ ನಾಣ್ಯಗಳ ಬಗ್ಗೆ ಎಲ್ಲೆಲ್ಲಿ ಏನೇನು ಅಚ್ಚಾಗಿದೆ ಎಂಬ ಅವರ ಗ್ರಂಥಸೂಚಿ 1949ರಲ್ಲಿ ಬಂತು. 1955ರಲ್ಲಿ ಇಸ್ತಾಂಬುಲ್‌ನಲ್ಲೇ ತೀರಿಕೊಂಡರು.

ಇಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ಪ್ರಶ್ನೆ ಇದೆ: ದೇಶ ಬಿಟ್ಟ ನಾಣ್ಯಶಾಸ್ತ್ರಜ್ಞನ ಕೈಯಿಂದ ನಿಜವಾಗಿ ಹೋಗುವುದೇನು? ಗಣಿತದವನಿಗೆ ಪೆನ್ನು ಕಾಗದ ಸಾಕು. ಏಷ್ಯಾ ಮೈನರ್‌ನ (ಇಂದಿನ ಟರ್ಕಿಯ) ರೋಮನ್ ಕಾಲದ ಕಂಚಿನ ನಾಣ್ಯಗಳನ್ನು ನೂರಾರು ಊರುಗಳು ಹೊಡೆಸಿವೆ, ಅವು ಬರ್ಲಿನ್, ಪ್ಯಾರಿಸ್, ಲಂಡನ್, ವಿಯೆನ್ನಾ ಮ್ಯೂಸಿಯಂಗಳಲ್ಲಿ ಚದುರಿವೆ. ಒಂದೇ ಅಚ್ಚಿನಿಂದ ಹೊಡೆದ ಎರಡು ನಾಣ್ಯ ಎರಡು ದೇಶದಲ್ಲಿರಬಹುದು. ಅವನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಾಗುತ್ತದೆ: ಅಚ್ಚಿನಲ್ಲಿ ಬಿದ್ದ ಬಿರುಕು ಹೊಡೆದಷ್ಟೂ ದೊಡ್ಡದಾಗುತ್ತದೆ, ಬಿರುಕು ಉದ್ದವಿರುವ ನಾಣ್ಯ ಆಮೇಲಿನದು.

ನಾಣ್ಯವನ್ನೇ ತರಿಸಲಾಗದು, ಆದ್ದರಿಂದ ಪ್ಲಾಸ್ಟರ್ ಪಡಿಯಚ್ಚು ತರಿಸುತ್ತಿದ್ದರು. ಅದನ್ನು ಮಾಡುವುದು ಹೀಗೆ. ಮಕ್ಕಳು ಬೊಂಬೆ ಮಾಡುವ ಜೇಡಿಯಂಥ ಮೃದುವಾದ ಪ್ಲಾಸ್ಟಿಸಿನ್ ಉಂಡೆಯನ್ನು ಚಪ್ಪಟೆ ಮಾಡಿ, ಮೇಲೆ ತೆಳುವಾಗಿ ಟಾಲ್ಕಮ್ ಪುಡಿ ಉದುರಿಸಿ, ನಾಣ್ಯವನ್ನು ಅರ್ಧ ದಪ್ಪದವರೆಗೆ ನೇರವಾಗಿ ಒತ್ತಿ, ಅಲುಗಿಸದೆ ಎತ್ತಬೇಕು. ಹಿಮ್ಮುಖಕ್ಕೆ ಬೇರೆ ಉಂಡೆ. 100 ಗ್ರಾಂ ಪ್ಲಾಸ್ಟರಿಗೆ ಸುಮಾರು 60ರಿಂದ 70 ಮಿಲಿ ನೀರು. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಸುರಿದರೆ ಗಂಟಾಗುತ್ತದೆ. ಮೊದಲು ಬ್ರಷ್‌ನಿಂದ ತೆಳುವಾಗಿ ಸವರಿ ಆಮೇಲೆ ತುಂಬಬೇಕು. ಇಲ್ಲದಿದ್ದರೆ ಗಾಳಿಗುಳ್ಳೆ ಚಕ್ರವರ್ತಿಯ ಮೂಗಿನಲ್ಲೇ ಕೂತು, ಮೂಗು ಮುರಿದ ಹಾಗೆ ಕಂಡು, ನೋಡುವವನನ್ನು ದಾರಿ ತಪ್ಪಿಸುತ್ತದೆ. ಅರ್ಧ ಗಂಟೆಯಲ್ಲಿ ಗಟ್ಟಿಯಾದ ಮೇಲೆ ಬೆನ್ನಿಗೆ ಮ್ಯೂಸಿಯಂ ಸಂಖ್ಯೆ, ನಾಣ್ಯದ ತೂಕ ಗ್ರಾಂನಲ್ಲಿ ಎರಡು ದಶಾಂಶದವರೆಗೆ, ಎರಡು ಮುಖಗಳ ದಿಕ್ಕು (ಮುಂಬದಿ ನೇರವಿದ್ದಾಗ ಹಿಂಬದಿಯ ಚಿತ್ರದ ತಲೆ ಎತ್ತ ಕಡೆ ಇದೆ ಎಂಬುದು) ಗಡಿಯಾರದ ಗಂಟೆಯ ಲೆಕ್ಕದಲ್ಲಿ ಬರೆಯಬೇಕು. ಈ ಮೂರರಲ್ಲಿ ಯಾವುದು ಬಿಟ್ಟುಹೋದರೂ ಪಡಿಯಚ್ಚಿನಿಂದ ಅದನ್ನು ಮತ್ತೆ ಪಡೆಯಲಾಗದು. ಪ್ಲಾಸ್ಟರ್ ಗಟ್ಟಿಯಾಗುವಾಗ ಒಂದಿಷ್ಟು ಹಿಗ್ಗುತ್ತದೆ, ಹಾಗಾಗಿ ವ್ಯಾಸವನ್ನೂ ಮೂಲ ನಾಣ್ಯದಲ್ಲೇ ಅಳೆಯಬೇಕು. ಕಿಲುಬು ಹಿಡಿದು ಪುಡಿಯಾಗುವ ಕಂಚನ್ನು ಒತ್ತಲೇಬಾರದು.

ಒಂದೇ ಮುಮ್ಮುಖ ಅಚ್ಚನ್ನು (ನಾಣ್ಯದ ಮುಂಬದಿಯ ಅಚ್ಚನ್ನು) ಏಷ್ಯಾ ಮೈನರ್‌ನ ಬೇರೆಬೇರೆ ಊರುಗಳು ಹಂಚಿಕೊಂಡಿದ್ದವು, ಅಂದರೆ ಕೆಲವೇ ಕಾರ್ಯಾಗಾರಗಳು ಹಲವು ಊರುಗಳ ಕೆಲಸ ಮಾಡಿಕೊಡುತ್ತಿದ್ದವು ಎಂಬುದನ್ನು ಜರ್ಮನ್ ನಾಣ್ಯಶಾಸ್ತ್ರಜ್ಞ ಕೊನ್ರಾಡ್ ಕ್ರಾಫ್ಟ್ ವಿಸ್ತಾರವಾಗಿ ತೋರಿಸಿದ ಪುಸ್ತಕ 1972ರಲ್ಲಿ ಬಂತು. ಹತ್ತಾರು ಸಂಗ್ರಹಗಳ ನಾಣ್ಯ ಒಂದೇ ಮೇಜಿನ ಮೇಲೆ ಸೇರದೆ ಇಂಥ ಹೊಂದಾಣಿಕೆ ಕಣ್ಣಿಗೆ ಬೀಳುವುದಿಲ್ಲ. ಹಾಲೆಯಿಂದ ಇಸ್ತಾಂಬುಲ್‌ಗೆ ಹೋದವನು ಕಳೆದುಕೊಂಡದ್ದು ಆ ಮೇಜನ್ನು.