ಪುಸ್ತಕದ ಗುರುತು ಯಾವುದು? ಡೇಟಾಬೇಸ್ ಕೀಗಳ ವಿಚಾರ

ಗ್ರಂಥಾಲಯವೊಂದಕ್ಕೆ ಡೇಟಾಬೇಸ್ ರಚಿಸುವಾಗ ಪುಸ್ತಕಗಳ ಕೋಷ್ಟಕಕ್ಕೆ ಯಾವುದು ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಮೌಲ್ಯ) ಆಗಬೇಕೆಂದು ಕೇಳಿದರೆ ಬಹುತೇಕರು, ಪುಸ್ತಕದ ಆವೃತ್ತಿಗೆ ಕೊಡುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ ಎನ್ನುತ್ತಾರೆ. ಆದರೆ ಹಳೆಯ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಆ ಸಂಖ್ಯೆಯೇ ಇಲ್ಲ. ಒಂದೇ ಆವೃತ್ತಿಯ ಐದು ಪ್ರತಿಗಳಿದ್ದರೆ ಐದಕ್ಕೂ ಅದೇ ಸಂಖ್ಯೆ. ಸಾಲದ್ದಕ್ಕೆ, 2007ರ ಜನವರಿ 1ರಂದು ಹತ್ತು ಅಂಕಿಗಳ ಐಎಸ್‌ಬಿಎನ್ ಹದಿಮೂರು ಅಂಕಿಗಳದ್ದಾಯಿತು: ಹಳೆಯ ಸಂಖ್ಯೆಗಳ ಮುಂದೆ 978 ಸೇರಿತು, ಸಂಖ್ಯೆ ಬರೆಯುವಾಗಿನ ತಪ್ಪು ಹಿಡಿಯಲೆಂದಿರುವ ಕೊನೆಯ ತಾಳೆ ಅಂಕಿಯನ್ನು ಹೊಸದಾಗಿ ಲೆಕ್ಕಹಾಕಬೇಕಾಯಿತು.

1970ರಲ್ಲಿ ಐಬಿಎಂ ಸಂಶೋಧಕ ಇ. ಎಫ್. ಕಾಡ್ ಮಂಡಿಸಿದ, ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ರಿಲೇಷನಲ್ ಮಾದರಿಯಲ್ಲಿ ಸಾಲುಗಳ ನಡುವಿನ ನಂಟನ್ನು ಸೂಚಿಸುವುದು ಡಿಸ್ಕಿನ ವಿಳಾಸಗಳಲ್ಲ, ಕೋಷ್ಟಕದಲ್ಲಿರುವ ಮೌಲ್ಯಗಳು. ಹಾಗಾಗಿ ಪುಸ್ತಕದ ಕೀ ಬದಲಾದರೆ, ಅದನ್ನು ಫಾರಿನ್ ಕೀ (ಬೇರೆ ಕೋಷ್ಟಕದ ಸಾಲನ್ನು ಸೂಚಿಸುವ ಮೌಲ್ಯ) ಆಗಿ ಇಟ್ಟುಕೊಂಡ ಎರವಲು, ಕಾಯ್ದಿರಿಸುವಿಕೆ, ದಂಡ ಮೊದಲಾದ ಕೋಷ್ಟಕಗಳೆಲ್ಲ ಬದಲಾಗಬೇಕು. ಹೊರಗಿನವರ ಹಿಡಿತದಲ್ಲಿರುವ ಸಂಖ್ಯೆಯನ್ನು ಕೀ ಮಾಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಡೇಟಾಬೇಸ್ ತಾನೇ ಕೊಡುವ, ಅರ್ಥವಿಲ್ಲದ ಕ್ರಮಸಂಖ್ಯೆಯೇ ಇಲ್ಲಿ ಕ್ಷೇಮ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಒಂದೇ ಆವೃತ್ತಿ ಎರಡು ಕ್ರಮಸಂಖ್ಯೆಗಳಲ್ಲಿ ದಾಖಲಾಗಿ ಹುಡುಕಾಟವೇ ಕೆಡುತ್ತದೆ; ಆದ್ದರಿಂದ ಐಎಸ್‌ಬಿಎನ್ ಕಾಲಂಗೆ ಯೂನಿಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಾಲುಗಳಲ್ಲಿ ಬರದಂತೆ ತಡೆಯುವ ನಿಯಮ) ಇರಲೇಬೇಕು, ಪ್ರತಿಗಳಿಗೆ ಬೇರೆಯದೇ ಕೋಷ್ಟಕ ಬೇಕು.

ಕೀಯಿಂದ ಸಾಲನ್ನು ಬೇಗ ಹುಡುಕಿಕೊಡುವುದು ಸಾಮಾನ್ಯವಾಗಿ ಬಿ-ಟ್ರೀ ಇಂಡೆಕ್ಸ್, ಅಂದರೆ ಕೀಗಳನ್ನು ಕ್ರಮವಾಗಿ ಜೋಡಿಸಿ ಹಂತಹಂತವಾಗಿ ಕವಲೊಡೆಯುವ ಸೂಚಿ. ಅದರ ಒಂದೊಂದು ಪುಟದಲ್ಲಿ 300 ಕೀಗಳು ಹಿಡಿಸಿದರೆ, ಮೂರೇ ಹಂತಗಳಲ್ಲಿ 2 ಕೋಟಿ 70 ಲಕ್ಷ ಸಾಲುಗಳವರೆಗೆ ತಲುಪಬಹುದು. ಎರವಲು ಕೋಷ್ಟಕದಲ್ಲಿ ಸದಸ್ಯ ಸಂಖ್ಯೆ, ದಿನಾಂಕ ಎಂಬ ಕ್ರಮದಲ್ಲಿ ಇಂಡೆಕ್ಸ್ ಕಟ್ಟಿದ್ದರೆ, ಒಬ್ಬ ಸದಸ್ಯ ಈ ತಿಂಗಳು ಒಯ್ದ ಪುಸ್ತಕಗಳು ಕೂಡಲೇ ಸಿಗುತ್ತವೆ. ಆದರೆ ಇಂದು ಯಾರು ಯಾರು ಒಯ್ದರು ಎಂಬ ಕ್ವೆರಿಗೆ ಅದರಿಂದ ಅಷ್ಟು ನೆರವಿಲ್ಲ. ನಿಘಂಟಿನಲ್ಲಿ ಎರಡನೆಯ ಅಕ್ಷರವನ್ನಷ್ಟೇ ಹಿಡಿದು ಪದ ಹುಡುಕಿದಂತೆ ಅದು. ಇನ್ನು ದಿನಾಂಕದ ಕಾಲಂನಿಂದ ವರ್ಷವನ್ನು ಫಂಕ್ಷನ್ ಮೂಲಕ ತೆಗೆದು 2024ಕ್ಕೆ ಹೋಲಿಸಿದರೆ, ದಿನಾಂಕಕ್ಕೆಂದು ಬೇರೆ ಇಂಡೆಕ್ಸ್ ಇದ್ದರೂ ಅದು ಸಾಮಾನ್ಯವಾಗಿ ಬಳಕೆಯಾಗದು. 2024ರ ಜನವರಿ 1ರಿಂದ, 2025ರ ಜನವರಿ 1ಕ್ಕಿಂತ ಮೊದಲು ಎಂದು ವ್ಯಾಪ್ತಿಯಾಗಿ ಬರೆದರೆ ಬಳಕೆಯಾಗಬಲ್ಲದು.

ಫಾರಿನ್ ಕೀ ಘೋಷಿಸಿದಾಕ್ಷಣ ಇಂಡೆಕ್ಸ್ ಕೂಡ ಸಿದ್ಧವಾಯಿತೆಂದು ಹಲವರು ತಿಳಿಯುತ್ತಾರೆ. ಮೈಎಸ್‌ಕ್ಯೂಎಲ್‌ನ ದತ್ತಾಂಶ ಸಂಗ್ರಹಿಸುವ ಭಾಗವಾದ ಇನ್ನೊಡಿಬಿ ಅದನ್ನು ತಾನೇ ಕಟ್ಟುತ್ತದೆ; ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಕಟ್ಟುವುದಿಲ್ಲ. ಅಲ್ಲಿ ಎರವಲು ಕೋಷ್ಟಕದಲ್ಲಿ ಪುಸ್ತಕದ ಪ್ರತಿಯನ್ನು ಸೂಚಿಸುವ ಸಂಖ್ಯೆಯ ಕಾಲಂಗೆ ನಾವೇ ಇಂಡೆಕ್ಸ್ ಕೊಡದಿದ್ದರೆ, ಹರಿದುಹೋದ ಒಂದು ಪ್ರತಿಯ ದಾಖಲೆ ಅಳಿಸುವುದಕ್ಕೂ ಎರವಲು ಕೋಷ್ಟಕವನ್ನು ಪೂರ್ತಿ ಓದಬೇಕಾಗುತ್ತದೆ.