ಗ್ರೀನ್‌ಸ್ಟೆಡ್ ಚರ್ಚಿನ ಓಕ್ ಗೋಡೆ ಎಷ್ಟು ಹಳೆಯದು?

ಮರದ ಕಟ್ಟಡ ಹಾಳಾಗುವುದು ಹೆಚ್ಚಾಗಿ ಬುಡದಿಂದ. ಮಾಡು ಸೋರಿದರೆ ತಲೆ ಮೇಲೆ ನೀರು ಬೀಳುತ್ತದೆ, ಮನೆಯವರೇ ಓಡಿ ಬರುತ್ತಾರೆ. ನೆಲದ ತೇವ ಹೀರಿದ ಮರ ಮಾತ್ರ ಯಾರಿಗೂ ಕಾಣದೆ ಕೊಳೆಯುತ್ತದೆ. ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ಹಾಗಾಗಿ ಎಲ್ಲಿ ಹೋದರೂ ಮೊದಲು ಕಣ್ಣು ಹೋಗುವುದು ಬುಡಕ್ಕೆ. ನಮ್ಮ ಮಲೆನಾಡಿನ ಬಡಗಿಗಳು ಕಂಬದ ಕೆಳಗೆ ಕಲ್ಲು ಇಡುವುದು ಸುಮ್ನೆ ಅಲ್ಲ.

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಗ್ರೀನ್‌ಸ್ಟೆಡ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಸೇಂಟ್ ಆಂಡ್ರ್ಯೂ ಚರ್ಚಿನಲ್ಲಿ ಜನ ಕೂರುವ ಹಜಾರದ ಗೋಡೆಗಳು ಓಕ್ ದಿಮ್ಮಿಗಳವು. ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿದ್ದಾರೆ. ಚಪ್ಪಟೆ ಮುಖ ಒಳಗೆ, ಉರುಟು ಬೆನ್ನು ಹೊರಗೆ. ಎರಡು ದಿಮ್ಮಿ ಸೇರುವಲ್ಲಿ ತೋಡು ಕೊರೆದು, ತೆಳ್ಳನೆ ಮರದ ಪಟ್ಟಿ ತೂರಿಸಿದ್ದಾರೆ. ಗಾಳಿ ನುಗ್ಗುವುದಿಲ್ಲ.

ಇದನ್ನು ಕಟ್ಟಿದ್ದು ಯಾವಾಗ? ಬಹಳ ಕಾಲ 845 ಎಂಬ ಇಸವಿ ಚಾಲ್ತಿಯಲ್ಲಿತ್ತು. 1990ರ ದಶಕದಲ್ಲಿ ಮರದ ಉಂಗುರಗಳನ್ನು ಹೊಸದಾಗಿ ಎಣಿಸಿದರು. ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಅಗಲ, ಬರ ಬಂದ ವರ್ಷ ಸಣ್ಣ. ಈ ಸಾಲನ್ನು ಇಸವಿ ಗೊತ್ತಿರುವ ಮರಗಳ ಸಾಲಿಗೆ ಹೊಂದಿಸಿದಾಗ, ಉಳಿದಿದ್ದ ಕೊನೆಯ ಉಂಗುರ 1053ರದ್ದು ಎಂದು ತಿಳಿಯಿತು. ಹಾಗಂತ ಮರ ಕಡಿದಿದ್ದು ಆ ವರ್ಷವೇ ಅಲ್ಲ. ತೊಗಟೆಯ ಕೆಳಗಿನ ಬಿಳಿಮರ ಮೆತ್ತಗಿರುತ್ತದೆ, ಬೇಗ ಹೋಗಿಬಿಡುತ್ತದೆ. ಇಂಗ್ಲಿಷ್ ಓಕ್‌ನಲ್ಲಿ ಅಲ್ಲಿ ಸಾಮಾನ್ಯವಾಗಿ 10ರಿಂದ 55 ಉಂಗುರ ಇರುತ್ತವೆ. ಅಂದರೆ ಕೊಡಲಿ ಬಿದ್ದಿದ್ದು 1063 ಮತ್ತು 1108ರ ನಡುವೆ.

ಈ ಲೆಕ್ಕದಲ್ಲಿ ಒಂದು ತಮಾಷೆಯಿದೆ. ಫ್ರಾನ್ಸಿನ ಉತ್ತರದಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದಿದ್ದು 1066ರಲ್ಲಿ. ಕಟ್ಟುವ ರೀತಿ ಅದಕ್ಕೂ ಮುಂಚಿನ ಸ್ಯಾಕ್ಸನ್ ಕಾಲದ್ದು, ಆದರೆ ಕಟ್ಟುವಾಗ ಸಿಂಹಾಸನದ ಮೇಲೆ ನಾರ್ಮನ್ ರಾಜ ಇದ್ದಿರಬಹುದು! ರಾಜ ಬದಲಾದ ಅಂತ ಹಳ್ಳಿಯ ಬಡಗಿ ಕೈಕಸುಬು ಬದಲಿಸುತ್ತಾನಾ? ಜಾಗಕ್ಕಂತೂ ಇನ್ನೂ ಹಳೆಯ ಚರಿತ್ರೆಯಿದೆ. 1960ರಲ್ಲಿ ಬಲಿಪೀಠದ ಭಾಗದಲ್ಲಿ ಅಗೆದಾಗ, ಅದಕ್ಕೂ ಹಿಂದಿನ ಎರಡು ಮರದ ಕಟ್ಟಡಗಳ ಕುರುಹು ಸಿಕ್ಕಿತು.

ಈಗ ಬುಡದ ವಿಷಯ. 1848ರ ಹೊತ್ತಿಗೆ ದಿಮ್ಮಿಗಳ ಕೆಳತುದಿ ಕೊಳೆತಿತ್ತು. ದುರಸ್ತಿಗೆ ಬಂದವರು ಕೊಳೆತಷ್ಟನ್ನು ಕೊಯ್ದು, ಕೆಳಗೆ ಇಟ್ಟಿಗೆಯ ಪಟ್ಟಿ ಕಟ್ಟಿ, ಅದರ ಮೇಲೆ ದಿಮ್ಮಿಗಳನ್ನು ನಿಲ್ಲಿಸಿದರು. ಮೂಲ ರೂಪ ಕೆಡಿಸಿದರು ಅಂತ ಬೈಯುವವರಿದ್ದಾರೆ. ಮಾಡಿನ ಕಿಟಕಿಗಳನ್ನು ಬದಲಿಸಿದ್ದು ನನಗೂ ಜಾಸ್ತಿಯೇ ಅನಿಸುತ್ತದೆ. ಆದರೆ ಇಟ್ಟಿಗೆ ಪಟ್ಟಿಯ ವಿಷಯದಲ್ಲಿ ನಾನು ದುರಸ್ತಿ ಮಾಡಿದವರ ಪರ. ಆ ಕೆಲವು ಇಂಚು ಮರ ಕೊಟ್ಟಿದ್ದಕ್ಕೇ ಉಳಿದ ಗೋಡೆ ದಕ್ಕಿತು.

ಬಲಿಪೀಠದ ಭಾಗ ಇಟ್ಟಿಗೆಯದು, ಸುಮಾರು 1500ರ ಆಸುಪಾಸಿನದು. ಗೋಪುರದ ಗಂಟೆಯ ಮೇಲೆ 1618 ಎಂದಿದೆ. 'ಜಗತ್ತಿನ ಅತಿ ಹಳೆಯ ಮರದ ಚರ್ಚ್' ಎಂಬ ಮಾತು ಕೇಳಿ ಹೋಗುವವರು ನೆನಪಿಡಿ: ಆ ಮಾತು ಸಲ್ಲುವುದಾದರೂ ಹಜಾರದ ಓಕ್ ಗೋಡೆಗೆ ಮಾತ್ರ.