ರೆಂಡರ್‌ನಲ್ಲಿ ಮಂಜು ಮಾತ್ರ ಯಾಕೆ ಚುಕ್ಕಿಚುಕ್ಕಿ?

ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಮೂಡಿಸುವುದಕ್ಕೆ ರೆಂಡರ್ ಅನ್ನುತ್ತಾರೆ. ಅಂಥ ಒಂದೇ ಫ್ರೇಮ್‌ನಲ್ಲಿ ಗೋಡೆ ನುಣುಪಾಗಿರುತ್ತದೆ, ನೆಲವೂ ನುಣುಪಾಗಿರುತ್ತದೆ. ದೀಪದ ಸುತ್ತ ಹಬ್ಬಿದ ಮಂಜಿನಲ್ಲಿ ಮಾತ್ರ ಚುಕ್ಕಿಯೋ ಚುಕ್ಕಿ. ಸ್ಯಾಂಪಲ್, ಅಂದರೆ ಪ್ರತಿ ಪಿಕ್ಸೆಲ್‌ಗೆ ಕಳಿಸಿ ನೋಡುವ ಕಿರಣಗಳ ಸಂಖ್ಯೆ, ದುಪ್ಪಟ್ಟು ಮಾಡಿದರೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಅನಿಮೇಷನ್ ಓಡಿಸಿದರಂತೂ ಚುಕ್ಕಿಗಳೆಲ್ಲ ಕುದಿಯತೊಡಗುತ್ತವೆ. ವಾಲ್ಯೂಮೆಟ್ರಿಕ್ ಫಾಗ್ (ಜಾಗವನ್ನೇ ತುಂಬಿಕೊಂಡು ಬೆಳಕು ಚೆದುರಿಸುವ ಮಂಜು) ಬಳಸಿದವರಿಗೆ ಇದು ಹೊಸದಲ್ಲ. ಆದರೆ ಈ ತೊಂದರೆ ಮೊದಲಿನಿಂದ ಇದ್ದದ್ದಲ್ಲ. ಮಂಜನ್ನು ಸರಿಯಾಗಿ ಲೆಕ್ಕ ಹಾಕಲು ಹೊರಟ ಮೇಲೆ ಅದು ಬಂತು. ಒಂದು ಅರ್ಥದಲ್ಲಿ ನಾವೇ ಕರೆದು ತಂದದ್ದು.

ಹಿಂದೆ ಕಂಪ್ಯೂಟರ್ ಚಿತ್ರದಲ್ಲಿ ಮಂಜು ಅಂದರೆ ಸುಮ್ನೆ ದೂರದ ಲೆಕ್ಕ. ವಸ್ತು ಕ್ಯಾಮೆರಾದಿಂದ ದೂರ ಹೋದಷ್ಟೂ ಅದರ ಬಣ್ಣಕ್ಕೆ ಬೂದು ಬೆರೆಸಿದರೆ ಆಯಿತು. ಅಲ್ಲಿ ಮಂಜನ್ನು ಸೀಳುವ ಬೆಳಕಿನ ಕೋಲು ಇಲ್ಲ, ನೆರಳು ಇಲ್ಲ, ಹಾಗಾಗಿ ನಾಯ್ಸ್, ಅಂದರೆ ಈ ಚುಕ್ಕಿಗಳು, ಕೂಡ ಇಲ್ಲ. ಕಣಕ್ಕೆ ಬೆಳಕು ಬಡಿದು ಚೆದುರುವುದನ್ನು ಗ್ರಾಫಿಕ್ಸ್‌ಗೆ ತಂದವರಲ್ಲಿ ಜೇಮ್ಸ್ ಬ್ಲಿನ್ ಮೊದಲಿಗರು. 1982ರ ಅವರ ಪ್ರಬಂಧದ ಹಿಂದೆ ಇದ್ದದ್ದು ಮಂಜಲ್ಲ, ಶನಿಗ್ರಹದ ಬಳೆಗಳು. 1984ರಲ್ಲಿ ಜೇಮ್ಸ್ ಕಜಿಯಾ ಮತ್ತು ಬ್ರಯನ್ ವಾನ್ ಹೆರ್ಜೆನ್ ಮೋಡದಂಥ, ದಟ್ಟಣೆ ಒಂದೊಂದು ಕಡೆ ಒಂದೊಂದು ಥರ ಇರುವ ವಸ್ತುವಿನೊಳಗೂ ರೇ ಟ್ರೇಸಿಂಗ್ (ಕಿರಣದ ಜಾಡು ಹಿಡಿದು ಚಿತ್ರ ಲೆಕ್ಕ ಹಾಕುವುದು) ಮಾಡಬಹುದು ಎಂದು ತೋರಿಸಿದರು.

ಈ ಲೆಕ್ಕಗಳ ಬೇರು ಖಗೋಳವಿಜ್ಞಾನದಲ್ಲಿದೆ. ಬೆಳಕು ಅನಿಲ, ಧೂಳಿನೊಳಗೆ ಹೇಗೆ ಸಾಗುತ್ತದೆ ಎಂಬುದರ ಬಗ್ಗೆ ಸುಬ್ರಹ್ಮಣ್ಯನ್ ಚಂದ್ರಶೇಖರ್ 1950ರಲ್ಲಿ ಬರೆದ ಪುಸ್ತಕವನ್ನು ರೆಂಡರಿಂಗ್ ಪ್ರಬಂಧಗಳು ಇವತ್ತಿಗೂ ಉಲ್ಲೇಖಿಸುತ್ತವೆ. ಫಾಗ್ ಶೇಡರ್‌ನಲ್ಲಿ, ಅಂದರೆ ಮಂಜಿನ ಗುಣ ನಿಗದಿ ಮಾಡುವ ಕಡೆ, ಬೆಳಕು ಮುಂದಕ್ಕೆ ಹೆಚ್ಚು ಚೆದುರಬೇಕೋ ಹಿಂದಕ್ಕೋ ಎಂದು ಹೇಳುವ ಅನೈಸೊಟ್ರೊಪಿ ಅಂತ ಒಂದು ಸ್ಲೈಡರ್ ಇರುತ್ತದೆ ಅಲ್ವಾ? ಅದರ ಹಿಂದೆ ಸಾಮಾನ್ಯವಾಗಿ ಇರುವುದು ಹೆನ್ಯೇ ಮತ್ತು ಗ್ರೀನ್‌ಸ್ಟೈನ್ 1941ರಲ್ಲಿ ನಕ್ಷತ್ರಗಳ ನಡುವಿನ ಧೂಳಿಗಾಗಿ ಕೊಟ್ಟ ಸೂತ್ರ.

ಮೊದಮೊದಲು ರೂಢಿಯಲ್ಲಿದ್ದ ದಾರಿ ರೇ ಮಾರ್ಚಿಂಗ್. ಕಿರಣದ ಉದ್ದಕ್ಕೂ ಹೆಜ್ಜೆ ಹಾಕುತ್ತಾ, ಪ್ರತಿ ಹೆಜ್ಜೆಯಲ್ಲೂ ಇಲ್ಲಿ ಎಷ್ಟು ಮಂಜಿದೆ, ಎಷ್ಟು ಬೆಳಕು ಬೀಳುತ್ತಿದೆ ಎಂದು ಕೂಡಿಸುತ್ತಾ ಹೋಗುವುದು. ಹೆಜ್ಜೆ ದೊಡ್ಡದಾದರೆ ಮಂಜಿನಲ್ಲಿ ಪಟ್ಟೆಪಟ್ಟೆ ಮೂಡುತ್ತದೆ. ಚಿಕ್ಕದಾದರೆ ರೆಂಡರ್ ಮುಗಿಯುವುದೇ ಇಲ್ಲ. ಅದಕ್ಕೊಂದು ಉಪಾಯ ಬಂತು. ಪ್ರತಿ ಪಿಕ್ಸೆಲ್‌ನಲ್ಲೂ ಮೊದಲ ಹೆಜ್ಜೆಯನ್ನು ಯದ್ವಾತದ್ವಾ ಸ್ವಲ್ಪ ಹಿಂದೆಮುಂದೆ ಸರಿಸಿದರೆ ಪಟ್ಟೆ ಒಡೆದು ಚುಕ್ಕಿಯಾಗುತ್ತದೆ. ನೇರ ಪಟ್ಟೆಯನ್ನು ಕಣ್ಣು ತಕ್ಷಣ ಹಿಡಿಯುತ್ತದೆ, ಚುಕ್ಕಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹೀಗೆ ಗೊತ್ತಿದ್ದೇ ನಾಯ್ಸ್‌ಗೆ ಬಾಗಿಲು ತೆರೆದದ್ದಾಯಿತು.

ಅದನ್ನು ಪೂರ್ತಿ ಒಳಗೆ ಬಿಟ್ಟುಕೊಂಡದ್ದು ಪಾತ್ ಟ್ರೇಸಿಂಗ್, ಅಂದರೆ ಬೆಳಕು ಪುಟಿಯುತ್ತಾ ಸಾಗುವ ದಾರಿಗಳನ್ನು ಯದ್ವಾತದ್ವಾ ಆರಿಸಿ ನೋಡುವ ವಿಧಾನ. ಕಜಿಯಾ ಅದನ್ನು ವಿವರಿಸಿದ್ದು 1986ರಲ್ಲಿ. ಆದರೆ ಇಡೀ ಅನಿಮೇಷನ್ ಚಿತ್ರವೊಂದು ಆ ವಿಧಾನದಲ್ಲಿ ರೆಂಡರ್ ಆಗಿ ತೆರೆಗೆ ಬರಲು 2006ರ 'ಮಾನ್‌ಸ್ಟರ್ ಹೌಸ್' ತನಕ ಕಾಯಬೇಕಾಯಿತು. ಇಲ್ಲಿ ಎಲ್ಲವೂ ದಾಳ ಉರುಳಿಸಿ ಸರಾಸರಿ ತೆಗೆಯುವ ಲೆಕ್ಕ. ನಾಯ್ಸ್ ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್ 4 ಪಟ್ಟು ಬೇಕು. ಹತ್ತರಲ್ಲೊಂದಕ್ಕೆ ಇಳಿಯಬೇಕಾದರೆ 100 ಪಟ್ಟು. ದುಪ್ಪಟ್ಟು ಮಾಡಿದಾಗ ಏನೂ ಆಗಿಲ್ಲ ಅನ್ನಿಸುವುದು ಇದರಿಂದಲೇ.

ಮಂಜಿನ ಪಾಡು ಇನ್ನೂ ಕಷ್ಟ. ಗೋಡೆಯಾದರೆ ಕಿರಣ ಎಲ್ಲಿ ಬಡಿಯುತ್ತದೆ ಎಂಬುದು ಖಚಿತ. ಮಂಜಿನಲ್ಲಿ ಅದನ್ನೂ ದಾಳವೇ ಹೇಳಬೇಕು. ಆಮೇಲೆ ಬೆಳಕು ಯಾವ ಕಡೆ ಚೆದುರಿತು ಎಂಬುದಕ್ಕೆ ಇನ್ನೊಂದು ದಾಳ. ಆ ಜಾಗದಿಂದ ದೀಪದವರೆಗಿನ ಮಂಜು ಎಷ್ಟು ಬೆಳಕು ನುಂಗಿತು ಎಂಬುದಕ್ಕೆ ಮತ್ತೊಂದು.

ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ಮಂಜಿನೊಳಗೇ ಇರುವ ದೀಪ. ದೀಪದ ದೂರ ಅರ್ಧವಾದರೆ ಬೆಳಕು 4 ಪಟ್ಟಾಗುತ್ತದೆ. ಕಿರಣದ ಮೇಲೆ ಕುರುಡಾಗಿ ಒಂದು ಜಾಗ ಆರಿಸಿದರೆ ಅದು ಬಹುತೇಕ ದೀಪದಿಂದ ದೂರವೇ ಬೀಳುತ್ತದೆ, ಪಿಕ್ಸೆಲ್ ಮಂಕಾಗುತ್ತದೆ. ಅಪರೂಪಕ್ಕೊಮ್ಮೆ ದೀಪದ ಪಕ್ಕದಲ್ಲೇ ಬಿದ್ದರೆ ಪಿಕ್ಸೆಲ್ ಧಗ್ ಅಂತ ಬೆಳ್ಳಗಾಗುತ್ತದೆ. ಫೈರ್‌ಫ್ಲೈ ಎಂದು ಬೈಸಿಕೊಳ್ಳುವುದು ಇಂಥ ಪಿಕ್ಸೆಲ್‌ಗಳೇ. ಇದಕ್ಕೆ 2012ರಲ್ಲಿ ಕ್ರಿಸ್ಟೋಫರ್ ಕುಲ್ಲಾ ಮತ್ತು ಮಾರ್ಕೋಸ್ ಫಹಾರ್ಡೊ ಕೊಟ್ಟ ಪರಿಹಾರ ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲೇ ಚೆಂದದ ಭಾಗ. ಇಬ್ಬರೂ ಆರ್ನಾಲ್ಡ್ ಎಂಬ ರೆಂಡರಿಂಗ್ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡಿದವರು. ದೀಪದ ಜಾಗದಲ್ಲಿ ನಿಂತು ಕ್ಯಾಮೆರಾ ಕಿರಣವನ್ನು ನೋಡಿ. ಅದು ಇಷ್ಟು ಕೋನದಷ್ಟು ಅಂತ ಹರಡಿ ಕಾಣುತ್ತದೆ. ಆ ಕೋನದಲ್ಲಿ ಸಮನಾಗಿ ಜಾಗ ಆರಿಸುತ್ತಾ ಹೋದರೆ ಸ್ಯಾಂಪಲ್‌ಗಳು ತಾವಾಗಿಯೇ ದೀಪದ ಹತ್ತಿರ ಒತ್ತಾಗಿ, ದೂರದಲ್ಲಿ ವಿರಳವಾಗಿ ಬೀಳುತ್ತವೆ. ಹತ್ತಿರ ಬಂದಂತೆ ಬೆಳಕು ಏರುವುದಕ್ಕೂ ಇದಕ್ಕೂ ಸರಿಹೋಗಿ, ಬೆಳ್ಳನೆಯ ಚುಕ್ಕಿ ಹುಟ್ಟುವುದೇ ನಿಲ್ಲುತ್ತದೆ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ಸೈಕಲ್ಸ್ ರೆಂಡರರ್‌ನಲ್ಲಿ ಈಕ್ವಿಆ್ಯಂಗ್ಯುಲರ್ ಅಂತ ಕಾಣುವ ಆಯ್ಕೆ ಇದೇ. ಮಂಜು ತೀರಾ ದಟ್ಟವಾಗಿದ್ದರೆ ಮಾತ್ರ ಇದು ಅಷ್ಟು ಉಪಯೋಗಕ್ಕೆ ಬಾರದು. ಅಲ್ಲಿ ದೂರದ ಬೆಳಕನ್ನು ಮಂಜೇ ನುಂಗುವುದರಿಂದ ದಟ್ಟಣೆ ನೋಡಿ ಜಾಗ ಆರಿಸುವುದು ಮೇಲು. ಎರಡನ್ನೂ ಹದವಾಗಿ ಬೆರೆಸುವ ವಿಧಾನವನ್ನು ಎರಿಕ್ ವೀಚ್ ಮತ್ತು ಲಿಯೊನಿಡಾಸ್ ಗಿಬಾಸ್ 1995ರಲ್ಲೇ ಕೊಟ್ಟಿದ್ದರು.

ಸುರುಳಿ ಸುರುಳಿಯಾದ, ದಟ್ಟಣೆ ಬದಲಾಗುತ್ತಲೇ ಇರುವ ಮಂಜಿಗೆ ನೆರವು ಬಂದದ್ದು ಪರಮಾಣು ರಿಯಾಕ್ಟರ್‌ನಿಂದ. ನ್ಯೂಟ್ರಾನ್‌ಗಳ ಓಡಾಟದ ಲೆಕ್ಕಕ್ಕೆ ವುಡ್‌ಕಾಕ್ ಮತ್ತು ಸಂಗಡಿಗರು 1965ರಲ್ಲಿ ಒಂದು ಜಾಣತನ ಮಾಡಿದ್ದರು. ತೆಳುವಾದ ಕಡೆಯೆಲ್ಲ ಸುಳ್ಳು ಕಣಗಳನ್ನು ತುಂಬಿ, ದಟ್ಟಣೆ ಎಲ್ಲೆಲ್ಲೂ ಒಂದೇ ಎಂದುಕೊಳ್ಳುವುದು. ಸುಳ್ಳು ಕಣಕ್ಕೆ ಬಡಿದರೆ ಏನೂ ಆಗಿಲ್ಲ ಎಂಬಂತೆ ಮುಂದೆ ಹೋಗುವುದು. ಹೆಜ್ಜೆಯ ಅಳತೆಯ ತಲೆನೋವೇ ಇಲ್ಲ, ಪಟ್ಟೆಯೂ ಇಲ್ಲ. ಆದರೆ ದೀಪದ ಬೆಳಕು ತಲುಪಿತೇ ಎಂಬ ಪ್ರಶ್ನೆಗೆ ಇದು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ, ಅಲ್ಲಿ ಮತ್ತೆ ನಾಯ್ಸ್. 2014ರಲ್ಲಿ ಯಾನ್ ನೊವಾಕ್ ಮತ್ತು ಸಂಗಡಿಗರು ತಂದ ರೇಶಿಯೊ ಟ್ರ್ಯಾಕಿಂಗ್ ಇಷ್ಟು ಭಾಗ ತಲುಪಿತು ಎಂದು ಉತ್ತರಿಸುತ್ತದೆ. ನೆರಳಿನ ಅಂಚು ಇದರಿಂದ ಎಷ್ಟೋ ಶಾಂತವಾಯಿತು.

ಇಷ್ಟಾದರೂ ಉಳಿಯುವ ಚುಕ್ಕಿಗಳನ್ನು ಒರೆಸಲು ಬಂದದ್ದು ಡಿನಾಯ್ಸರ್. ಪಿಕ್ಸಾರ್, ಡಿಸ್ನಿ ಸಂಶೋಧಕರು ಸೇರಿ 2017ರಲ್ಲಿ ಪ್ರಕಟಿಸಿದ ನ್ಯೂರಲ್ ನೆಟ್‌ವರ್ಕ್ 'ಫೈಂಡಿಂಗ್ ಡೋರಿ' ಚಿತ್ರದ ಫ್ರೇಮ್‌ಗಳಿಂದ ಕಲಿತದ್ದು. 2019ರಲ್ಲಿ ಇಂಟೆಲ್‌ನ ಓಪನ್ ಇಮೇಜ್ ಡಿನಾಯ್ಸ್ ಉಚಿತವಾಗಿ ಸಿಕ್ಕ ಮೇಲೆ ಇದು ಮನೆಮನೆಯ ಕಂಪ್ಯೂಟರ್‌ಗೂ ಬಂತು. ನಿಂತ ಚಿತ್ರಕ್ಕೆ ಇದು ಪವಾಡವೇ ಸರಿ. ಆದರೆ ಡಿನಾಯ್ಸರ್ ಯಾವುದು ವಿವರ, ಯಾವುದು ಕಸ ಎಂದು ತಿಳಿಯಲು ಮೇಲ್ಮೈಯ ಬಣ್ಣ, ಅದು ಯಾವ ಕಡೆ ಮುಖ ಮಾಡಿದೆ ಎಂಬ ಮಾಹಿತಿಯನ್ನು ನೆಚ್ಚಿಕೊಂಡಿರುತ್ತದೆ. ಮಂಜಿಗೆ ಮೇಲ್ಮೈ ಎಲ್ಲಿದೆ? ಆಧಾರ ಸಿಗದೆ ಅದು ಊಹಿಸುತ್ತದೆ, ಫ್ರೇಮ್‌ನಿಂದ ಫ್ರೇಮ್‌ಗೆ ಊಹೆ ಬದಲಾಗುತ್ತದೆ. ಚುಕ್ಕಿ ಹೋಗಿ, ದೊಡ್ಡ ದೊಡ್ಡ ಕಲೆಗಳು ಮಿಣುಕುತ್ತವೆ. ನನ್ನ ಕಣ್ಣಿಗೆ ಇದು ಮೂಲ ಚುಕ್ಕಿಗಿಂತ ಕೆಟ್ಟದು. ಹಿಂದಿನ ಫ್ರೇಮ್‌ಗಳ ಜತೆ ಹೊಂದಿಸೋಣ ಎಂದರೆ ಯಾವ ಪಿಕ್ಸೆಲ್ ಯಾವ ಕಡೆ ಚಲಿಸಿತು ಎಂದು ಹೇಳುವ ಮೋಷನ್ ವೆಕ್ಟರ್ ಬೇಕು. ಮಂಜಿನ ಒಂದೇ ಪಿಕ್ಸೆಲ್‌ನಲ್ಲಿ ಹತ್ತಿರದ್ದು ಒಂದು ಕಡೆ, ದೂರದ್ದು ಇನ್ನೊಂದು ಕಡೆ ಚಲಿಸುತ್ತಿರುತ್ತದೆ. ಯಾವುದನ್ನು ನಂಬುವುದು? ಸೀಡ್ (ದಾಳಗಳ ಸರಣಿಯನ್ನು ಶುರು ಮಾಡುವ ಸಂಖ್ಯೆ) ಬದಲಿಸದೆ ರೆಂಡರ್ ಮಾಡಿದರೆ ಮಿಣುಕು ಕಡಿಮೆಯಾಗುತ್ತದೆ, ನಿಜ. ಆಗ ಚುಕ್ಕಿಗಳು ಪರದೆಗೆ ಅಂಟಿಕೊಂಡು, ಕ್ಯಾಮೆರಾ ಚಲಿಸಿದರೂ ಅಲ್ಲೇ ಕೂತಿರುತ್ತವೆ.

ಗೇಮ್‌ಗಳ ದಾರಿ ಬೇರೆ. ಕ್ಯಾಮೆರಾ ಮುಂದಿನ ಜಾಗವನ್ನೇ ದಪ್ಪ ದಪ್ಪ ಚೌಕಗಳಾಗಿ ಕತ್ತರಿಸಿ, ಹಿಂದಿನ ಫ್ರೇಮ್‌ನ ಉತ್ತರವನ್ನು ಮತ್ತೆ ಬಳಸುತ್ತಾರೆ. ಟಾರ್ಚ್ ಬೇಗ ತಿರುಗಿಸಿದರೆ ಬೆಳಕಿನ ಬಾಲ ಹಿಂದೆ ಉಳಿಯುತ್ತದೆ, ಅಷ್ಟೇ.

ಅನಿಮೇಷನ್ ಮಾಡುವವರು ಈಗ ಹೆಚ್ಚಾಗಿ ಮಂಜನ್ನು ಬೇರೆ ಪಾಸ್ ಆಗಿ, ಅಂದರೆ ಪ್ರತ್ಯೇಕ ಚಿತ್ರವಾಗಿ, ರೆಂಡರ್ ಮಾಡಿ, ಅದನ್ನಷ್ಟೇ ಧಾರಾಳವಾಗಿ ಮೆದುಗೊಳಿಸಿ, ಆಮೇಲೆ ಕಂಪೋಸಿಟ್‌ನಲ್ಲಿ (ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಹಂತದಲ್ಲಿ) ಸೇರಿಸುತ್ತಾರೆ. ತೆಳು ಮಂಜಿನಲ್ಲಿ ಸೂಕ್ಷ್ಮ ವಿವರ ಹೇಗೂ ಕಡಿಮೆ, ಮಬ್ಬಾದರೂ ಗೊತ್ತಾಗುವುದಿಲ್ಲ. ಕಿಟಕಿ ಸರಳುಗಳ ನಡುವಿನಿಂದ ಬೀಳುವ ಚೂಪು ಬೆಳಕಿನ ಕೋಲುಗಳಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸ್ಯಾಂಪಲ್‌ಗೆ ಸಮಯ ಕೊಡಲೇಬೇಕು.